ರೂಪ ಕಟ್ಟಿದ ಭಯ: ಗಾಥಿಕ್ ಸಣ್ಣಕಥೆಗಳ ಸಚಿತ್ರ ಸಂಗ್ರಾಹ್ಯ ಆವೃತ್ತಿಗಳು

ಭಯ ಹುಟ್ಟಿಸುವ ಕಥೆಗಳು ಎಲ್ಲ ಜನಸಮುದಾಯಗಳ ಮೌಖಿಕ ಪರಂಪರೆಯಲ್ಲಿಯೂ ಇವೆ. ಸಾಮಾನ್ಯವಾಗಿ ಕತ್ತಲಾದ ಮೇಲೆ ಹೇಳುವ ಈ ಕಥೆಗಳು ಹೇಳುವವರ ದನಿಯ ಏರಿಳಿತವನ್ನು, ನಡುವಿನ ಮೌನವನ್ನು, ಕೇಳುವವರ ಉಸಿರನ್ನು ಬಹುಮಟ್ಟಿಗೆ ಅವಲಂಬಿಸಿರುತ್ತವೆ. ಇಲ್ಲಿ ದೆವ್ವದ ರೂಪವನ್ನು ಕಟ್ಟಿಕೊಳ್ಳುವವನು ಕೇಳುಗನೇ. ಹೇಳುವವರು ಒಂದೆರಡು ಸುಳಿವುಗಳನ್ನಷ್ಟೇ ಕೊಡುತ್ತಾರೆ. ಇಂತಹ ಕಥೆ ಅಕ್ಷರಕ್ಕಿಳಿದಾಗ ದನಿಯನ್ನು ಕಳೆದುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಚಿತ್ರವೊಂದು ಬಂದು ಕೂತಾಗ ಕೇಳುಗನ ಪಾಲಿಗೆ ಉಳಿದಿದ್ದ ಕೆಲಸವನ್ನೂ ಚಿತ್ರಕಾರ ವಹಿಸಿಕೊಳ್ಳುತ್ತಾನೆ. ಕೊನೆಗೆ ಆ ಪುಸ್ತಕವೇ ಬೆಲೆಬಾಳುವ ವಸ್ತುವಾಗಿ, ಓದುವುದಕ್ಕಿಂತ ಹೆಚ್ಚಾಗಿ ಸಂಗ್ರಹಿಸಿಡುವುದಕ್ಕೆ ಯೋಗ್ಯವೆಂದು ಪರಿಗಣಿತವಾದಾಗ ಭಯದ ಗತಿ ಏನಾಗುತ್ತದೆ ಎಂಬುದು ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಸೀಮಿತ ಸಂಖ್ಯೆಯ ಪ್ರತಿಗಳು, ಕೈಯಿಂದ ತಯಾರಿಸಿದ ಕಾಗದ, ವಿಶೇಷ ರಟ್ಟು, ಚಿತ್ರಕಾರನ ಸಹಿ ಮುಂತಾದ ಲಕ್ಷಣಗಳುಳ್ಳ ಮುದ್ರಣವನ್ನು ಇಲ್ಲಿ ಸಂಗ್ರಾಹ್ಯ ಆವೃತ್ತಿ ಎಂದು ಕರೆಯಲಾಗಿದೆ. ಇಂಗ್ಲಿಷ್ ಗಾಥಿಕ್ ಕಥೆಗಳ ಮುದ್ರಣ ಚರಿತ್ರೆಯಲ್ಲಿ ಈ ದೃಷ್ಟಿಯಿಂದ ಎರಡು ಪುಸ್ತಕಗಳು ಮುಖ್ಯವಾದವು. ಒಂದು, ಎಡ್ಗರ್ ಅಲನ್ ಪೋನ ಕಥೆಗಳಿಗೆ ಐರಿಷ್ ಕಲಾವಿದ ಹ್ಯಾರಿ ಕ್ಲಾರ್ಕ್ ಚಿತ್ರಗಳನ್ನು ರಚಿಸಿ ೧೯೧೯ರಲ್ಲಿ ಲಂಡನ್ನಿನ ಹ್ಯಾರಪ್ ಸಂಸ್ಥೆ ಪ್ರಕಟಿಸಿದ 'ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಷನ್'. ಇದು ಆರಂಭದಿಂದಲೇ ಸಂಗ್ರಾಹಕರನ್ನು ಉದ್ದೇಶಿಸಿದ ಪುಸ್ತಕ. ಇನ್ನೊಂದು, ಎಂ. ಆರ್. ಜೇಮ್ಸ್ ಅವರ 'ಘೋಸ್ಟ್ ಸ್ಟೋರೀಸ್ ಆಫ್ ಆ್ಯನ್ ಆಂಟಿಕ್ವೆರಿ' (೧೯೦೪). ಇದು ಹಾಗೆ ಹೊರಟದ್ದಲ್ಲ. ಆದರೂ ಅದು ಪುಸ್ತಕವಾದದ್ದಕ್ಕೆ ಕಾರಣ ಚಿತ್ರಗಳು. ಈ ಎರಡನ್ನು ಒಟ್ಟಿಗಿಟ್ಟು ನೋಡಿದಾಗ, ಮೌಖಿಕ ಕಥನದಲ್ಲಿ ನಿತ್ಯವೂ ಬದಲಾಗುತ್ತಿದ್ದ ರೂಪವನ್ನು ಚಿತ್ರ ಒಂದೆಡೆ ನಿಲ್ಲಿಸಿಬಿಡುತ್ತದೆ ಎಂಬುದು, ಹಾಗೆ ನಿಲ್ಲಿಸುವಾಗಲೂ ಯಾವುದನ್ನು ತೋರಿಸದೆ ಬಿಡಬೇಕೆಂಬ ವಿವೇಕವೇ ಅದರ ಯಶಸ್ಸನ್ನು ನಿರ್ಧರಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

೧. ಗಾಥಿಕ್ ಕಥನ: ಸೋಗಿನ ಸಂಗ್ರಾಹಕ

'ಗಾಥಿಕ್' ಎಂಬುದು ಮೂಲತಃ ಗಾಥ್ ಎಂಬ ಜನಾಂಗಕ್ಕೆ ಸಂಬಂಧಿಸಿದ ಪದ. ಮುಂದೆ ಅದು ಯುರೋಪಿನ ಮಧ್ಯಯುಗದ ವಾಸ್ತುಶಿಲ್ಪಕ್ಕೂ, ಆ ಬಳಿಕ ಪಾಳುಬಿದ್ದ ಕೋಟೆ, ಮಠ, ನೆಲಮಾಳಿಗೆಗಳ ಹಿನ್ನೆಲೆಯಲ್ಲಿ ನಡೆಯುವ ಭಯಾನಕ ಕಥೆಗಳಿಗೂ ಅನ್ವಯವಾಯಿತು. ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಆಟ್ರಾಂಟೊ' ೧೭೬೪ರಲ್ಲಿ ಪ್ರಕಟವಾದಾಗ, ಅದು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂದು ಹೇಳಲಾಗಿತ್ತು. ೧೭೬೫ರ ಎರಡನೆಯ ಆವೃತ್ತಿಯಲ್ಲಿ ಲೇಖಕ ತನ್ನ ಕರ್ತೃತ್ವವನ್ನು ಒಪ್ಪಿಕೊಂಡು, ಕೃತಿಯನ್ನು ಗಾಥಿಕ್ ಕಥೆ ಎಂದು ಕರೆದ. ಹೀಗೆ ಈ ಪ್ರಕಾರ ಹುಟ್ಟಿನಿಂದಲೇ 'ದೊರೆತ ಕಥೆ'ಯ ವೇಷ ತೊಟ್ಟಿತ್ತು. ತಾನು ಬರೆದದ್ದಲ್ಲ, ಎಲ್ಲಿಂದಲೋ ಬಂದದ್ದು ಎಂಬ ಈ ಮಾತು ಜನಪದ ಕಥೆಗಾರರ 'ಹಿಂದಿನವರು ಹೇಳುತ್ತಿದ್ದರು' ಎಂಬ ಪ್ರಾರಂಭಕ್ಕೆ ಬಹಳ ದೂರದ್ದಲ್ಲ.

ದನಿಯೊಡನೆ ಈ ಸಾಹಿತ್ಯಕ್ಕಿದ್ದ ಸಂಬಂಧಕ್ಕೆ ೧೮೧೬ರ ಬೇಸಿಗೆಯ ಪ್ರಸಂಗ ಪ್ರಸಿದ್ಧ ನಿದರ್ಶನ. ಜಿನೀವಾ ಸರೋವರದ ಬಳಿಯ ಮನೆಯೊಂದರಲ್ಲಿ ಬೈರನ್, ಪರ್ಸಿ ಶೆಲ್ಲಿ, ಮೇರಿ ಮತ್ತು ವೈದ್ಯ ಪೊಲಿಡೊರಿ ಜರ್ಮನ್ ಮೂಲದ ದೆವ್ವದ ಕಥೆಗಳನ್ನು ಫ್ರೆಂಚ್ ಅನುವಾದದಲ್ಲಿ ಓದಿಕೊಳ್ಳುತ್ತಿದ್ದರು. ಪ್ರತಿಯೊಬ್ಬರೂ ಅಂತಹ ಕಥೆಯೊಂದನ್ನು ಬರೆಯಬೇಕೆಂಬ ಒಪ್ಪಂದದಿಂದ ಮುಂದೆ 'ಫ್ರಾಂಕೆನ್‌ಸ್ಟೈನ್' (೧೮೧೮) ಮತ್ತು 'ದಿ ವ್ಯಾಂಪೈರ್' (೧೮೧೯) ಹುಟ್ಟಿದವು. 'ಫ್ರಾಂಕೆನ್‌ಸ್ಟೈನ್' ಕೃತಿಗೆ ಮುಖಚಿತ್ರ ಬಂದದ್ದು ೧೮೩೧ರ ಆವೃತ್ತಿಯಲ್ಲಿ. ಥಿಯೊಡೊರ್ ಫಾನ್ ಹೋಲ್ಸ್ಟ್ ರಚಿಸಿದ ಆ ಚಿತ್ರದಲ್ಲಿ ಆಗಷ್ಟೇ ಜೀವ ಬಂದ ಜೀವಿ ನೆಲದ ಮೇಲಿದೆ. ಅದನ್ನು ಸೃಷ್ಟಿಸಿದವನು ಬಾಗಿಲಿನಿಂದ ಓಡಿಹೋಗುತ್ತಿದ್ದಾನೆ. ಕಥೆ ಹುಟ್ಟಿದ ಕೂಟಕ್ಕೂ ಈ ಚಿತ್ರಕ್ಕೂ ನಡುವೆ ಹದಿನೈದು ವರ್ಷಗಳ ಅಂತರವಿದೆ.

೨. ಪೋ: ಹೇಳುವವನ ಸ್ಥಾನದಲ್ಲಿ 'ನಾನು'

ಎಡ್ಗರ್ ಅಲನ್ ಪೋ (೧೮೦೯–೧೮೪೯) ಗಾಥಿಕ್ ಕಥನವನ್ನು ಕಾದಂಬರಿಯ ವಿಸ್ತಾರದಿಂದ ಬಿಡಿಸಿ ಸಣ್ಣಕಥೆಯ ಬಿಗಿಯಾದ ಚೌಕಟ್ಟಿಗೆ ತಂದವರಲ್ಲಿ ಅಗ್ರಗಣ್ಯ. ಅವನ ಕಥೆಗಳಲ್ಲಿ ಬಹುಪಾಲು ನಿಯತಕಾಲಿಕೆಗಳಲ್ಲಿ ಪ್ರಕಟವಾದವು: 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್' ೧೮೩೯ರಲ್ಲಿ, 'ದಿ ಮಾಸ್ಕ್ ಆಫ್ ದಿ ರೆಡ್ ಡೆತ್' ೧೮೪೨ರಲ್ಲಿ, 'ದಿ ಟೆಲ್-ಟೇಲ್ ಹಾರ್ಟ್' ಮತ್ತು 'ದಿ ಬ್ಲ್ಯಾಕ್ ಕ್ಯಾಟ್' ೧೮೪೩ರಲ್ಲಿ. ೧೮೪೨ರಲ್ಲಿ ಹಾಥಾರ್ನ್ ಕಥೆಗಳನ್ನು ವಿಮರ್ಶಿಸುತ್ತ, ಕಥೆಯನ್ನು ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಅಂಶವೂ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದು ಪೋ ಪ್ರತಿಪಾದಿಸಿದ. ಒಂದು ರಾತ್ರಿಯಲ್ಲಿ ಹೇಳಿ ಮುಗಿಸುವ ಮೌಖಿಕ ಕಥೆಯ ಕಾಲಮಿತಿಯನ್ನೇ ಇದು ನೆನಪಿಸುತ್ತದೆ.

ಪೋನ ಕಥೆಗಳಲ್ಲಿ ಉತ್ತಮ ಪುರುಷ ನಿರೂಪಕ ಬಹಳ ಮುಖ್ಯ. 'ದಿ ಟೆಲ್-ಟೇಲ್ ಹಾರ್ಟ್' ಕಥೆಯ ಕೊಲೆಗಾರ ತಾನು ಹುಚ್ಚನಲ್ಲವೆಂದು ಎದುರಿಗೆ ಕುಳಿತವರನ್ನು ನಂಬಿಸಲು ಹೊರಟವನಂತೆ ಮಾತನಾಡುತ್ತಾನೆ. ಆ ಎದುರಿನವರು ಯಾರೆಂದು ಕಥೆ ಹೇಳುವುದಿಲ್ಲವಾಗಿ ಓದುಗನೇ ಅಲ್ಲಿ ಕೂರಬೇಕಾಗುತ್ತದೆ. ಮುದ್ರಣದಲ್ಲಿ ಕಳೆದುಹೋದ ಕಥನಕಾರನನ್ನು ಈ 'ನಾನು' ಮರಳಿ ತರುತ್ತದೆ. ಸತ್ತವನ ಎದೆಬಡಿತ ಕೇಳಿಸುವುದು ನಿರೂಪಕನಿಗೆ ಮಾತ್ರ. ಭಯದ ಮೂಲ ಕಣ್ಣಿಗೆ ಕಾಣುವ ವಸ್ತುವಲ್ಲ, ಕಿವಿಗೆ ಕೇಳುವ ಸದ್ದು. ಅದೂ ಇದ್ದೀತೋ ಇಲ್ಲವೋ ಎಂಬ ಅನುಮಾನದ ಸದ್ದು. ಇಂತಹ ಕಥೆಗೆ ಚಿತ್ರ ಬರೆಯಲು ಹೊರಟ ಕಲಾವಿದನ ಮುಂದೆ ಇರುವ ತೊಡಕು ಇದೇ.

೩. ಉಡುಗೊರೆ ಪುಸ್ತಕದ ಮಾರುಕಟ್ಟೆ ಮತ್ತು ಹ್ಯಾರಿ ಕ್ಲಾರ್ಕ್

ಕ್ರಿಸ್‌ಮಸ್ ಕಾಲಕ್ಕೆ ಅಲಂಕೃತ ಪುಸ್ತಕಗಳನ್ನು ಉಡುಗೊರೆಯಾಗಿ ಕೊಡುವ ಪದ್ಧತಿ ಪೋನ ಕಾಲದಲ್ಲಿಯೇ ಇತ್ತು. ಅವನ 'ದಿ ಪಿಟ್ ಅಂಡ್ ದಿ ಪೆಂಡ್ಯುಲಮ್' ಮೊದಲು ಕಾಣಿಸಿಕೊಂಡದ್ದು 'ದಿ ಗಿಫ್ಟ್' ಎಂಬ ವಾರ್ಷಿಕದ ೧೮೪೩ನೆಯ ವರ್ಷದ ಸಂಪುಟದಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪದ್ಧತಿಗೆ ಹೊಸ ಮುದ್ರಣ ತಂತ್ರ ಜೊತೆಯಾಯಿತು. ಮೂಲಚಿತ್ರವನ್ನು ಛಾಯಾಗ್ರಹಣದ ಮೂಲಕ ಮೂರು ಬಣ್ಣಗಳಾಗಿ ವಿಂಗಡಿಸಿ, ಸಣ್ಣ ಚುಕ್ಕೆಗಳ ಅಚ್ಚುಗಳನ್ನು ಒಂದರ ಮೇಲೊಂದು ಮುದ್ರಿಸುವ ವಿಧಾನ ಅದು. ಇದಕ್ಕೆ ನುಣುಪಾದ ಕಾಗದ ಬೇಕಾಗಿದ್ದರಿಂದ ವರ್ಣಚಿತ್ರಗಳನ್ನು ಬೇರೆಯಾಗಿ ಅಚ್ಚುಹಾಕಿ ಪುಸ್ತಕದೊಳಗೆ ಸೇರಿಸುತ್ತಿದ್ದರು. ಆರ್ಥರ್ ರ‍್ಯಾಕಮ್ ೫೧ ವರ್ಣಚಿತ್ರಗಳನ್ನು ರಚಿಸಿದ 'ರಿಪ್ ವ್ಯಾನ್ ವಿಂಕಲ್' (೧೯೦೫) ಈ ಮಾರುಕಟ್ಟೆಯ ಬಾಗಿಲನ್ನು ತೆರೆಯಿತು. ಸಾಮಾನ್ಯ ಪ್ರತಿಗಳ ಜೊತೆಗೆ ಕಲಾವಿದನ ಸಹಿಯಿರುವ ೨೫೦ ವಿಶೇಷ ಪ್ರತಿಗಳೂ ಹೊರಬಂದವು. ಒಂದೇ ಕಥೆಗೆ ಓದುಗರ ಪ್ರತಿ ಒಂದು, ಸಂಗ್ರಾಹಕರ ಪ್ರತಿ ಇನ್ನೊಂದು ಎಂಬ ವಿಭಜನೆ ಹೀಗೆ ನೆಲೆನಿಂತಿತು.

ಹ್ಯಾರಿ ಕ್ಲಾರ್ಕ್ (೧೮೮೯–೧೯೩೧) ಡಬ್ಲಿನ್ನಿನವನು. ತಂದೆ ಚರ್ಚುಗಳ ಅಲಂಕರಣದ ಉದ್ಯಮ ನಡೆಸುತ್ತಿದ್ದ. ಮಗ ಬಣ್ಣದ ಗಾಜಿನ ಚಿತ್ರಕಿಟಕಿಗಳ ರಚನೆಯಲ್ಲಿ ಪರಿಣತನಾದ. ಕಾರ್ಕ್ ನಗರದ ಹೋನನ್ ಚಾಪೆಲಿನ ಕಿಟಕಿಗಳು ಅವನಿಗೆ ಕೀರ್ತಿ ತಂದವು. ಹ್ಯಾರಪ್ ಸಂಸ್ಥೆಗಾಗಿ ೧೯೧೬ರಲ್ಲಿ ಆ್ಯಂಡರ್ಸನ್ನನ ಕಿನ್ನರ ಕಥೆಗಳಿಗೆ ಚಿತ್ರಗಳನ್ನು ರಚಿಸಿದ ಬಳಿಕ ಅವನು ಪೋನ ಕಥೆಗಳತ್ತ ತಿರುಗಿದ. ೧೯೧೯ರ ಆವೃತ್ತಿಯಲ್ಲಿ ಪುಟತುಂಬ ಕಪ್ಪು-ಬಿಳುಪಿನ ೨೪ ಚಿತ್ರಗಳಿದ್ದವು. ಕೈಕಾಗದದ ಮೇಲೆ ಅಚ್ಚಾಗಿ ಕಲಾವಿದನ ಸಹಿ ಪಡೆದ ಪ್ರತಿಗಳು ೧೭೦. ಪುಸ್ತಕ ಯಶಸ್ವಿಯಾದ್ದರಿಂದ ೧೯೨೩ರಲ್ಲಿ ೮ ವರ್ಣಚಿತ್ರಗಳನ್ನು ಸೇರಿಸಿದ ಹೊಸ ಆವೃತ್ತಿ ಬಂದಿತು. ಪುಸ್ತಕದ ಶೀರ್ಷಿಕೆಯೂ ಪೋ ಇಟ್ಟದ್ದಲ್ಲ, ಅವನ ಮರಣಾನಂತರ ಪ್ರಕಾಶಕರು ರೂಢಿಗೆ ತಂದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ಕ್ಲಾರ್ಕನ ಚಿತ್ರಗಳಲ್ಲಿ ಅಸಹಜವಾಗಿ ನೀಳವಾದ ದೇಹಗಳು, ಅಗಲಿಸಿದ ಕಣ್ಣುಗಳು, ಬಟ್ಟೆ ಪರದೆಗಳ ಮೇಲೆ ಹರಡಿಕೊಂಡ ಸೂಕ್ಷ್ಮ ಕುಸುರಿ ಮತ್ತು ಅವೆಲ್ಲವನ್ನೂ ನುಂಗುವಂತಿರುವ ದಟ್ಟ ಕಪ್ಪು ಎದ್ದುಕಾಣುತ್ತವೆ. ಗಾಜಿನ ಕಿಟಕಿಯಲ್ಲಿ ಬಣ್ಣದ ತುಣುಕುಗಳನ್ನು ಸೀಸದ ಕಪ್ಪು ಪಟ್ಟಿಗಳು ಹಿಡಿದಿಡುವಂತೆ ಇಲ್ಲಿಯೂ ಕಪ್ಪು ಬರಿಯ ಹಿನ್ನೆಲೆಯಲ್ಲ, ಚಿತ್ರದ ಕಟ್ಟೋಣವೇ ಆಗಿದೆ. ಒಂದೊಂದು ಚಿತ್ರದ ಕೆಳಗೂ ಆಯಾ ಕಥೆಯ ಮಾತೊಂದನ್ನು ಅಚ್ಚುಹಾಕಲಾಗಿದೆ. ಹೀಗಾಗಿ ಚಿತ್ರ ಒಂದು ಉದ್ಗಾರದ ಮೇಲೆ ನಿಂತಂತೆ ತೋರುತ್ತದೆ.

ಆದರೆ ಎಲ್ಲ ಚಿತ್ರಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. 'ದಿ ಬ್ಲ್ಯಾಕ್ ಕ್ಯಾಟ್' ಕಥೆಗೆ ಕ್ಲಾರ್ಕ್ ಆರಿಸಿಕೊಂಡದ್ದು ಗೋಡೆಯೊಳಗಿನ ಶವ ಮತ್ತು ಅದರ ತಲೆಯ ಮೇಲಿನ ಬೆಕ್ಕು ಬಯಲಾಗುವ ಕೊನೆಯ ಗಳಿಗೆಯನ್ನು. ಕಥೆ ಕೊನೆಯ ವಾಕ್ಯದವರೆಗೆ ಮುಚ್ಚಿಟ್ಟದ್ದು ಪುಟ ಮಗುಚುವವನ ಕಣ್ಣಿಗೆ ಮೊದಲೇ ಬೀಳುತ್ತದೆ. ಅದೇ 'ದಿ ಟೆಲ್-ಟೇಲ್ ಹಾರ್ಟ್' ಕಥೆಯಲ್ಲಿ ಎದೆಬಡಿತಕ್ಕೆ ರೂಪ ಕೊಡಲು ಸಾಧ್ಯವಿಲ್ಲ. ಆದ್ದರಿಂದ ಚಿತ್ರ ಕೊಲೆಗಾರನ ಮನಸ್ಸಿನ ಕಡೆಗೆ ತಿರುಗುತ್ತದೆ, ಸದ್ದನ್ನು ಓದುಗನಿಗೇ ಬಿಡುತ್ತದೆ. ಮೊದಲನೆಯದು ಕಥೆಯ ಗುಟ್ಟನ್ನು ಒಡೆಯುತ್ತದೆ, ಎರಡನೆಯದು ಅದನ್ನು ಕಾಯುತ್ತದೆ. ಮೊದಲ ಬಗೆಯ ಚಿತ್ರ ಕಲಾಕೃತಿಯಾಗಿ ಎಷ್ಟೇ ಶ್ರೇಷ್ಠವಾಗಿದ್ದರೂ ಕಥನದ ದೃಷ್ಟಿಯಿಂದ ಅದು ಕಥೆಗಾರನ ಮಾತಿಗೆ ನಡುವೆ ಬಾಯಿ ಹಾಕಿದಂತೆ.

೪. ಜೇಮ್ಸ್: ಓದಿಹೇಳಿದ ಕಥೆಗಳು, ಅರ್ಧಕ್ಕೆ ನಿಂತ ಚಿತ್ರಗಳು

ಕ್ಲಾರ್ಕನ ಪುಸ್ತಕ ಹೊರಬಂದಾಗ ಪೋ ತೀರಿಕೊಂಡು ಎಪ್ಪತ್ತು ವರ್ಷಗಳಾಗಿದ್ದವು. ಲೇಖಕ, ಚಿತ್ರಕಾರರಿಬ್ಬರೂ ಆಪ್ತರಾಗಿದ್ದು, ಕಥೆ ಮೊದಲು ದನಿಯಾಗಿಯೇ ಇದ್ದ ನಿದರ್ಶನ ಜೇಮ್ಸ್ ಅವರದು. ಮಾಂಟೆಗ್ಯೂ ರೋಡ್ಸ್ ಜೇಮ್ಸ್ (೧೮೬೨–೧೯೩೬) ಮಧ್ಯಯುಗದ ಹಸ್ತಪ್ರತಿಗಳ ವಿದ್ವಾಂಸರು. ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಮ್ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿ, ೧೯೦೫ರಿಂದ ಕಿಂಗ್ಸ್ ಕಾಲೇಜಿನ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದವರು. ೧೮೯೩ರ ಅಕ್ಟೋಬರ್ ೨೮ರಂದು ಅವರು ಕೇಂಬ್ರಿಡ್ಜಿನ ಚಿಟ್‌ಚಾಟ್ ಸೊಸೈಟಿಯ ಕೂಟದಲ್ಲಿ ಎರಡು ದೆವ್ವದ ಕಥೆಗಳನ್ನು ಓದಿದರು. ಮುಂದೆ ಕ್ರಿಸ್‌ಮಸ್ ಸಮಯದಲ್ಲಿ ತಮ್ಮ ಕೊಠಡಿಯಲ್ಲಿ ಸೇರಿದ ಸ್ನೇಹಿತರಿಗೆ ಹೊಸ ಕಥೆ ಓದಿಹೇಳುವುದು ರೂಢಿಯಾಯಿತು. ಜೇಮ್ಸ್ ಹಸ್ತಪ್ರತಿ ಹಿಡಿದು ಬಂದು, ಒಂದನ್ನುಳಿದು ಎಲ್ಲ ಮೇಣದಬತ್ತಿಗಳನ್ನು ಆರಿಸಿ ಓದಲು ಕೂರುತ್ತಿದ್ದರೆಂದು ಕೇಳುಗರೊಬ್ಬರು ನೆನಪಿಸಿಕೊಂಡಿದ್ದಾರೆ. ಹೊತ್ತು, ಸ್ಥಳ, ಬೆಳಕು, ಪರಿಚಿತ ಶ್ರೋತೃವರ್ಗ ಇವೆಲ್ಲ ನಿಗದಿಯಾಗಿದ್ದ ಈ ಓದನ್ನು ಜಾನಪದ ಪರಿಭಾಷೆಯಲ್ಲಿ ಪ್ರದರ್ಶನ ಸಂದರ್ಭವೆಂದೇ ಕರೆಯಬೇಕಾಗುತ್ತದೆ.

ಆ ಕೇಳುಗರಲ್ಲಿ ಒಬ್ಬ ಜೇಮ್ಸ್ ಮೆಕ್‌ಬ್ರೈಡ್. ವೈದ್ಯಕೀಯ ಶಿಕ್ಷಣದ ಬಳಿಕ ಚಿತ್ರಕಲೆಯತ್ತ ಹೊರಳಿದ ಈ ಕಿರಿಯ ಗೆಳೆಯ ಕಥೆಗಳಿಗೆ ಚಿತ್ರ ಬರೆಯಲು ಮುಂದಾದ. ಅವನು ಬರೆಯುವುದಾದರೆ ಪ್ರಕಟಣೆಯ ಬಗ್ಗೆ ಯೋಚಿಸಬಹುದೆಂದು ಜೇಮ್ಸ್ ಒಪ್ಪಿದ್ದಾಗಿ ಪುಸ್ತಕದ ಮುನ್ನುಡಿಯಿಂದ ತಿಳಿಯುತ್ತದೆ. ನಾಲ್ಕು ಚಿತ್ರಗಳು ಮುಗಿದಿದ್ದವು. ೧೯೦೪ರ ಜೂನ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಮೆಕ್‌ಬ್ರೈಡ್ ತೀರಿಕೊಂಡ. ಅದೇ ವರ್ಷ ಎಡ್ವರ್ಡ್ ಆರ್ನಾಲ್ಡ್ ಸಂಸ್ಥೆ ಪ್ರಕಟಿಸಿದ ಪುಸ್ತಕದಲ್ಲಿ ಎಂಟು ಕಥೆಗಳಿವೆ, ಚಿತ್ರಗಳು ನಾಲ್ಕೇ: 'ಕ್ಯಾನನ್ ಆಲ್ಬೆರಿಕ್ಸ್ ಸ್ಕ್ರ್ಯಾಪ್-ಬುಕ್' ಕಥೆಗೆ ಎರಡು, 'ಓ, ವಿಸಲ್, ಅಂಡ್ ಐಲ್ ಕಮ್ ಟು ಯೂ, ಮೈ ಲ್ಯಾಡ್' ಕಥೆಗೆ ಎರಡು. ಉಳಿದ ಕಥೆಗಳಿಗೆ ಬೇರೊಬ್ಬರಿಂದ ಚಿತ್ರ ಬರೆಯಿಸಲಿಲ್ಲ. ಕಥೆಗಳನ್ನು ಅಚ್ಚಿಗೆ ತಂದದ್ದು ಗೆಳೆಯನ ಚಿತ್ರಗಳು. ಅವನಿಲ್ಲವಾದ ಮೇಲೆ ಪುಸ್ತಕವೇ ಅವನ ಸ್ಮಾರಕವಾಯಿತು. ಚಿತ್ರಗಳಿಲ್ಲದ ಆರು ಕಥೆಗಳೂ ಆ ಸ್ಮಾರಕದ ಭಾಗವೇ.

'ಓ, ವಿಸಲ್' ಕಥೆಯಲ್ಲಿ ಪಾಳುಬಿದ್ದ ಧಾರ್ಮಿಕ ಕಟ್ಟಡವೊಂದರಲ್ಲಿ ದೊರೆತ ಹಳೆಯ ಸೀಟಿಯನ್ನು ಪ್ರಾಧ್ಯಾಪಕನೊಬ್ಬ ಊದುತ್ತಾನೆ. ಬಂದದ್ದಕ್ಕೆ ಸ್ವಂತ ದೇಹವಿಲ್ಲ, ಅದು ಪಕ್ಕದ ಹಾಸಿಗೆಯ ಹೊದಿಕೆಯನ್ನೇ ಹೊದ್ದು ಏಳುತ್ತದೆ. ಮೆಕ್‌ಬ್ರೈಡನ ಚಿತ್ರದಲ್ಲಿ ಕಾಣುವುದು ಆ ಬಟ್ಟೆಯ ಆಕಾರ ಮತ್ತು ಎದುರಿಗೆ ನಡುಗುವ ಮನುಷ್ಯ. ಬಟ್ಟೆಯೊಳಗೆ ಏನಿದೆ ಎಂಬುದು ಚಿತ್ರ ಬರೆದ ಮೇಲೂ ಉಳಿದುಕೊಳ್ಳುತ್ತದೆ. ದನಿಯಲ್ಲಿ ಕಥೆ ಕೇಳಿದವನೊಬ್ಬ ಬರೆದ ಚಿತ್ರವಿದು ಎಂಬುದು ಇಲ್ಲಿ ಅರ್ಥಪೂರ್ಣವಾಗಿದೆ. ರೂಪ ತೋರಿಸಿಯೂ ರೂಪವನ್ನು ಮುಚ್ಚಿಡುವ ಈ ಕ್ರಮ ಒಳ್ಳೆಯ ಕಥೆಗಾರನ ಮೌನಕ್ಕೆ ಸಮಾನವಾದದ್ದು.

೫. ಕಥೆಯೊಳಗಿನ ಸಂಗ್ರಾಹಕ

ಜೇಮ್ಸ್ ಅವರ ಕಥೆಗಳಲ್ಲಿ ಅಪಾಯಕ್ಕೆ ಸಿಲುಕುವವರಲ್ಲಿ ಹಲವರು ಸಂಗ್ರಾಹಕರು, ಗ್ರಂಥಪ್ರೇಮಿಗಳು, ಸಂಶೋಧಕರು. 'ಕ್ಯಾನನ್ ಆಲ್ಬೆರಿಕ್' ಕಥೆಯ ಡೆನಿಸ್ಟನ್ ಫ್ರಾನ್ಸಿನ ಹಳೆಯ ಊರೊಂದರಲ್ಲಿ ಅಪೂರ್ವ ಹಾಳೆಗಳ ಸಂಕಲನವೊಂದನ್ನು ಅಗ್ಗದ ಬೆಲೆಗೆ ಕೊಳ್ಳುತ್ತಾನೆ. ಅದರಲ್ಲಿ ಸೊಲೊಮನ್ ದೊರೆಯ ಮುಂದೆ ನಿಂತ ಪಿಶಾಚಿಯ ಚಿತ್ರವಿದೆ. ಆ ಚಿತ್ರದ ಪರಿಣಾಮವನ್ನು ಮಾತಿನಲ್ಲಿ ತಿಳಿಸಲಾಗದೆಂದು ನಿರೂಪಕ ಹೇಳುತ್ತಾನೆ. ಅದರ ಛಾಯಾಚಿತ್ರವನ್ನು ನೋಡಿದ ವಿದ್ವಾಂಸನೊಬ್ಬ ಅನೇಕ ರಾತ್ರಿ ದೀಪ ಆರಿಸಲು ಅಂಜಿದನೆಂಬುದನ್ನು ಮಾತ್ರ ತಿಳಿಸುತ್ತಾನೆ. ಅದೇ ರಾತ್ರಿ ಚಿತ್ರದಲ್ಲಿದ್ದದ್ದು ಡೆನಿಸ್ಟನ್ನನ ಕೊಠಡಿಗೆ ಬರುತ್ತದೆ. ಕೊನೆಗೆ ಅವನು ಚಿತ್ರದ ಛಾಯಾಪ್ರತಿ ತೆಗೆದುಕೊಂಡು ಮೂಲವನ್ನು ಸುಟ್ಟುಹಾಕುತ್ತಾನೆ. 'ದಿ ಮೆಜೊಟಿಂಟ್' ಕಥೆಯಲ್ಲಿ ವಸ್ತುಸಂಗ್ರಹಾಲಯಕ್ಕೆಂದು ತರಿಸಿದ ಮುದ್ರಿತ ಚಿತ್ರವೊಂದರಲ್ಲಿ ಮತ್ತೆ ಮತ್ತೆ ನೋಡಿದಾಗ ಒಂದು ಆಕೃತಿ ಮನೆಯ ಕಡೆಗೆ ಹತ್ತಿರ ಬಂದಿರುತ್ತದೆ.

ಈ ಕಥೆಗಳಲ್ಲಿ ಚಿತ್ರ ನಿರುಪದ್ರವಿಯಾದ ಅಲಂಕಾರವಲ್ಲ. ಅದನ್ನು ಕೊಂಡವನು ಅದರ ಹಿಂದಿನ ಋಣವನ್ನೂ ಕೊಂಡಿರುತ್ತಾನೆ. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಗಳನ್ನು ಸಿದ್ಧಪಡಿಸುವುದರಲ್ಲಿಯೇ ಬಾಳಿನ ಬಹುಭಾಗ ಕಳೆದ ವಿದ್ವಾಂಸರು, ವಸ್ತುವನ್ನು ಅದರ ನೆಲೆಯಿಂದ ಎತ್ತಿ ತರುವ ಕೆಲಸದ ಬಗ್ಗೆ ಇಂತಹ ಕಥೆಗಳನ್ನು ಬರೆದರೆಂಬುದು ಸಂಗ್ರಹಕಾರ್ಯದಲ್ಲಿ ತೊಡಗಿದವರೆಲ್ಲರೂ ಯೋಚಿಸಬೇಕಾದ ವಿಷಯ.

೬. ಬೈಲೆಂಡ್ ಮಠದ ಹಾಳೆಗಳು: ನಿಲ್ಲದ ರೂಪ

ಜೇಮ್ಸ್ ಅವರ ಇನ್ನೊಂದು ಕೆಲಸ ಈ ಚರ್ಚೆಯನ್ನು ಜಾನಪದಕ್ಕೆ ನೇರವಾಗಿ ಜೋಡಿಸುತ್ತದೆ. ೧೯೨೨ರಲ್ಲಿ ಅವರು 'ಇಂಗ್ಲಿಷ್ ಹಿಸ್ಟಾರಿಕಲ್ ರಿವ್ಯೂ' ಪತ್ರಿಕೆಯಲ್ಲಿ ಹನ್ನೆರಡು ಮಧ್ಯಯುಗೀನ ದೆವ್ವದ ಕಥೆಗಳ ಲ್ಯಾಟಿನ್ ಪಾಠವನ್ನು ಪ್ರಕಟಿಸಿದರು. ಯಾರ್ಕ್‌ಷೈರಿನ ಬೈಲೆಂಡ್ ಮಠಕ್ಕೆ ಸೇರಿದ್ದ ಹಸ್ತಪ್ರತಿಯೊಂದರ ಖಾಲಿ ಪುಟಗಳಲ್ಲಿ, ಸುಮಾರು ೧೪೦೦ರ ಹೊತ್ತಿಗೆ, ಸನ್ಯಾಸಿಯೊಬ್ಬ ಸುತ್ತಲಿನ ಜನರ ಬಾಯಲ್ಲಿದ್ದ ಕಥೆಗಳನ್ನು ಬರೆದಿಟ್ಟಿದ್ದ. ಅವು ಡೆನ್ಮಾರ್ಕಿನ ಜನಪದ ಕಥೆಗಳನ್ನು ಹೋಲುತ್ತವೆ ಎಂದು ಜೇಮ್ಸ್ ಗುರುತಿಸಿದರು.

ಮೊದಲನೆಯ ಕಥೆಯಲ್ಲಿ ಕಾಳಿನ ಹೊರೆ ಹೊತ್ತು ಬರುತ್ತಿದ್ದವನಿಗೆ ದೆವ್ವವೊಂದು ಹಿಂಗಾಲಿನ ಮೇಲೆ ನಿಂತ ಕುದುರೆಯಾಗಿ ಕಾಣಿಸುತ್ತದೆ, ಬಳಿಕ ನಡುವೆ ಬೆಳಕಿರುವ, ಗಿರಗಿರನೆ ತಿರುಗುವ ಹುಲ್ಲಿನ ರಾಶಿಯಾಗುತ್ತದೆ, ಆಮೇಲೆ ಮನುಷ್ಯನಾಗುತ್ತದೆ. ದೇವರ ಹೆಸರಿನಲ್ಲಿ ಪ್ರಶ್ನಿಸಿದಾಗ ತನ್ನ ಸಂಕಟ ಹೇಳಿಕೊಳ್ಳುತ್ತದೆ, ತೊರೆಯವರೆಗೆ ಅವನ ಹೊರೆಯನ್ನೂ ಹೊರುತ್ತದೆ. ಅವನು ಮಾಡಿಸಿದ ಪ್ರಾರ್ಥನೆಗಳಿಂದ ಅದಕ್ಕೆ ಬಿಡುಗಡೆಯಾಗುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಜನಪದ ದೆವ್ವ ಬಹಳ ಸಲ ಏನನ್ನೋ ಕೇಳಲು ಬರುತ್ತದೆ. ಅದು ತೀರದ ಋಣವುಳ್ಳ ಊರಿನವನೇ. ಅದರೊಡನೆ ಮಾತು ಸಾಧ್ಯ, ಪರಿಹಾರವೂ ಸಾಧ್ಯ. ಜೇಮ್ಸ್ ತಮ್ಮ ಸ್ವಂತ ಕಥೆಗಳಲ್ಲಿ ದೆವ್ವ ಕೇಡಿಗನಾಗಿಯೇ ಇರಬೇಕೆಂಬ ನಿಯಮವನ್ನು ಪಾಲಿಸಿದರು; ಅಲ್ಲಿ ಸಂಧಾನಕ್ಕೆ ಎಡೆಯಿಲ್ಲ. ಎರಡನೆಯದಾಗಿ, ಜನಪದ ದೆವ್ವಕ್ಕೆ ಒಂದೇ ರೂಪವಿಲ್ಲ. ಕುದುರೆ, ಹುಲ್ಲಿನ ರಾಶಿ, ಮನುಷ್ಯ ಇವುಗಳಲ್ಲಿ ಯಾವುದನ್ನು ಚಿತ್ರಿಸಿದರೂ ಉಳಿದವು ಬಿಟ್ಟುಹೋಗುತ್ತವೆ. ಕಥೆಯ ಜೀವ ಇರುವುದು ಒಂದು ರೂಪದಿಂದ ಇನ್ನೊಂದಕ್ಕೆ ಜಾರುವ ಚಲನೆಯಲ್ಲಿ. ಆ ಚಲನೆಯನ್ನು ದನಿ ಹಿಡಿಯಬಲ್ಲದು, ಪುಟದ ಮೇಲಿನ ಚಿತ್ರ ಹಿಡಿಯಲಾರದು.

೭. ಕನ್ನಡದ ಸಂದರ್ಭ

ಕರ್ನಾಟಕದ ಮೌಖಿಕ ಪರಂಪರೆಯಲ್ಲಿಯೂ ಈ ಅಂಶಗಳು ಕಂಡುಬರುತ್ತವೆ. ಹೊಲದಾಚೆ ಉರಿದು ಆರಿ ಮತ್ತೊಂದೆಡೆ ಕಾಣಿಸುವ ಕೊಳ್ಳಿದೆವ್ವಕ್ಕೆ ಬೆಳಕು ಮತ್ತು ಚಲನೆಯಲ್ಲದೆ ಬೇರೆ ದೇಹವಿಲ್ಲ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಇತರೆಡೆಗಳಲ್ಲಿಯೂ ಹಬ್ಬಿದ 'ನಾಳೆ ಬಾ' ವದಂತಿ ಇನ್ನೂ ಸ್ಪಷ್ಟವಾದ ಉದಾಹರಣೆ. ರಾತ್ರಿ ಬಾಗಿಲು ಬಡಿದು ಪರಿಚಿತರ ದನಿಯಲ್ಲಿ ಕರೆಯುವ ಆ ದೆವ್ವಕ್ಕೆ ಓಗೊಟ್ಟರೆ ಸಾವು ಎಂಬ ನಂಬಿಕೆಯಿಂದ ಜನ ಬಾಗಿಲುಗಳ ಮೇಲೆ ಆ ಎರಡು ಪದಗಳನ್ನು ಬರೆದರು. ದೆವ್ವ ಬರಿಯ ದನಿಯಾಗಿತ್ತು, ಅದನ್ನು ತಡೆದದ್ದು ಅಕ್ಷರ. ೨೦೧೮ರ 'ಸ್ತ್ರೀ' ಎಂಬ ಹಿಂದಿ ಚಲನಚಿತ್ರ ಇದನ್ನೇ ಹೋಲುವ ಆಶಯವನ್ನು ತೆರೆಗೆ ತಂದಾಗ ಅದಕ್ಕೆ ಕಣ್ಣಿಗೆ ಕಾಣುವ ದೇಹ ಕೊಡಬೇಕಾಯಿತು. ಮುಚ್ಚಿದ ಬಾಗಿಲಿನ ಈಚೆ ಕುಳಿತು ತಾಯಿಯ ದನಿಯನ್ನು ಅನುಮಾನಿಸಬೇಕಾದ ಭಯ ಆ ದೇಹದ ಮೂಲಕ ಬರುವಂತಹದಲ್ಲ.

ಹಾಗೆಂದು ಸಚಿತ್ರ ಆವೃತ್ತಿಗಳನ್ನು ನಿರಾಕರಿಸಬೇಕಾಗಿಲ್ಲ. ಪೋನ ಕಥೆಗಳನ್ನು ಕ್ಲಾರ್ಕನ ಚಿತ್ರಗಳು ಅನೇಕ ಹೊಸ ಓದುಗರಿಗೆ ತಲುಪಿಸಿವೆ. ಮೆಕ್‌ಬ್ರೈಡ್ ಕೇಳದಿದ್ದರೆ ಜೇಮ್ಸ್ ಅವರ ಕಥೆಗಳು ಆ ಕೊಠಡಿಯ ಸ್ನೇಹಿತರೊಡನೆಯೇ ಕಳೆದುಹೋಗುವ ಸಾಧ್ಯತೆಯಿತ್ತು. ರೂಪ ಕಟ್ಟುವುದು ಉಳಿಸುವ ಮಾರ್ಗವೂ ಹೌದು, ಕಳೆಯುವ ಮಾರ್ಗವೂ ಹೌದು. ಗ್ರಂಥಾಲಯಗಳು ಇಂತಹ ಆವೃತ್ತಿಗಳನ್ನು ಸಂಗ್ರಹಿಸುವಾಗ ಪ್ರತಿಸಂಖ್ಯೆ, ಸಹಿ, ರಟ್ಟುಗಳ ವಿವರದ ಜೊತೆಗೆ ಕಥೆ ಮೊದಲು ಯಾವ ಪತ್ರಿಕೆಯಲ್ಲಿ, ಯಾವ ಕೂಟದಲ್ಲಿ, ಯಾರ ದನಿಯಲ್ಲಿ ಹೊರಬಂದಿತೆಂಬುದನ್ನೂ ದಾಖಲಿಸುವುದು ಅಗತ್ಯ.

ಕ್ಷೇತ್ರಕಾರ್ಯದಲ್ಲಿ ದೆವ್ವದ ಕಥೆಗಳನ್ನು ಸಂಗ್ರಹಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮುದ್ರಿತ ಸಂಕಲನಗಳಲ್ಲಿ ಅನೇಕ ವೇಳೆ ಉಳಿಯುವುದು ಕಥೆಯ ಸಾರ ಮತ್ತು ವಕ್ತೃವಿನ ಹೆಸರು ಮಾತ್ರ. ಕಥೆಗಾರ್ತಿ ಎಲ್ಲಿ ದನಿ ತಗ್ಗಿಸಿದಳು, ಯಾವ ಹೆಸರನ್ನು ಹೇಳದೆ ಕೈಸನ್ನೆಯಿಂದ ಸೂಚಿಸಿದಳು, ಕೇಳುಗರು ಎಲ್ಲಿ ತಡೆದರು ಎಂಬ ವಿವರಗಳು ದಾಖಲಾಗದಿದ್ದರೆ, ಉಳಿದ ಪಠ್ಯ ಎಷ್ಟೇ ಅಂದವಾಗಿ ಅಚ್ಚಾದರೂ ಅದು ಭಯದ ಕಥೆಯಾಗದೆ ಭಯದ ಕಥೆಯೊಂದಿತ್ತು ಎಂಬುದರ ಸೂಚನೆಯಷ್ಟೇ ಆದೀತು. ಮೆಕ್‌ಬ್ರೈಡನಿಗೆ ಬರೆಯಲಾಗದೆ ಹೋದ ಚಿತ್ರಗಳ ಸ್ಥಾನವನ್ನು ಜೇಮ್ಸ್ ಬೇರೆಯವರಿಂದ ತುಂಬಿಸದೆ, ಅವು ಇಲ್ಲವೆಂಬುದನ್ನು ಮುನ್ನುಡಿಯಲ್ಲಿ ಹೇಳಿದರು. ಸಂಗ್ರಹಿಸಲಾಗದೆ ಹೋದದ್ದನ್ನು ಹಾಗೆಯೇ ಗುರುತಿಸಿ ತಿಳಿಸುವ ಆ ಪ್ರಾಮಾಣಿಕತೆ ನಮ್ಮ ಸಂಕಲನಗಳ ಮುನ್ನುಡಿಗಳಿಗೂ ಬರಬೇಕಾಗಿದೆ.